ಬಡವನ ಮತವೂ ಸರಕಾರದ ಸಹಾಯವೂ

ಮಧುರೆಯಿಂದ ಪಡುವಣಕ್ಕೆ ಹೋಗುವ ಹೆದ್ದಾರಿಯಲ್ಲಿ ಬೆಟ್ಟಗಳ ನಡುವಣ ಕಣಿವೆಯೊಂದನ್ನು ದಾಟಿದೊಡನೆ ಆಂಡಿಪಟ್ಟಿ ಎಂಬ ಊರು ಸಿಕ್ಕುತ್ತದೆ. ಮೊದಲು ಮಧುರೆ ಜಿಲ್ಲೆಗೆ ಸೇರಿದ್ದ ಈ ಊರು ಈಗ ತೇನಿ ಜಿಲ್ಲೆಯಲ್ಲಿದೆ. ಆ ಸೀಮೆಗೆ ಕನ್ನಡದ ಮಾತು ಹೊಸತಲ್ಲ. ಕಂಬಂ ಕಣಿವೆಯ ಕಪ್ಪಿಲಿಯ ಒಕ್ಕಲಿಗರೂ ಅಲ್ಲಲ್ಲಿ ನೆಲಸಿರುವ ದೇವಾಂಗ ನೇಕಾರರೂ ಮನೆಯೊಳಗೆ ಇಂದಿಗೂ ಒಂದು ಬಗೆಯ ಕನ್ನಡವನ್ನೇ ಆಡುತ್ತಾರೆ. ಓದು ಬರಹ ಮಾತ್ರ ತಮಿಳಿನದು. ನಮ್ಮ ಸೋದರತ್ತೆಯನ್ನು ಆಂಡಿಪಟ್ಟಿಯ ಒಂದು ನೇಕಾರ ಮನೆತನಕ್ಕೆ ಕೊಟ್ಟಿದೆ. 2019ನೆಯ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಅವರ ಮೊಮ್ಮಗಳ ನಿಶ್ಚಿತಾರ್ಥಕ್ಕೆಂದು ಹೋಗಿ ನಾಲ್ಕು ದಿನ ಅಲ್ಲಿ ತಂಗಿದ್ದೆವು. ಅದೇ ತಿಂಗಳ 18ರಂದು ಚುನಾವಣೆ. ಉಪಾಧ್ಯಾಯರಾದ ನಮಗೂ ಮತಗಟ್ಟೆಯ ಕೆಲಸಕ್ಕೆ ಆಜ್ಞೆಯಾಗಿದ್ದುದರಿಂದ ಅದರೊಳಗೆ ಹಿಂದಿರುಗಬೇಕಾಗಿತ್ತು. ಆ ನಾಲ್ಕು ಸಂಜೆ ಜಗಲಿಯ ಮೇಲೆ ಕುಳಿತು ಕೇಳಿದ ವಾದವನ್ನೂ, ಅದರ ಹಿಂದೆ ಇರುವ ಸಂಗತಿಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆಂಡಿಪಟ್ಟಿಯ ಹೆಸರು ಚುನಾವಣೆಯ ಇತಿಹಾಸದಲ್ಲಿ ಪ್ರಸಿದ್ಧವಾದುದು. 1984ರಲ್ಲಿ ಎಂ. ಜಿ. ರಾಮಚಂದ್ರನ್ ಅವರು ಅಮೆರಿಕದ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ ಈ ಕ್ಷೇತ್ರದಿಂದ ನಿಂತು, ಒಂದು ದಿನವೂ ಬಂದು ಮತ ಕೇಳದೆ, ಗೆದ್ದರು. ಅವರು ತೀರಿಕೊಂಡ ಮೇಲೆ, 1989ರಲ್ಲಿ, ಅವರ ಪತ್ನಿ ಜಾನಕಿ ಅವರು ಇಲ್ಲಿಯೇ ನಿಂತು ಸೋತರು. ಜಯಲಲಿತಾ ಅವರು 2002ರ ಉಪಚುನಾವಣೆಯಲ್ಲಿಯೂ 2006ರಲ್ಲಿಯೂ ಇಲ್ಲಿಂದಲೇ ಆರಿಸಿಬಂದರು. ಇಬ್ಬರು ಮುಖ್ಯಮಂತ್ರಿಗಳನ್ನು ಆರಿಸಿ ಕಳುಹಿಸಿದ ಕ್ಷೇತ್ರ ಸಿರಿವಂತವಾಗಿರಬೇಕೆಂದು ದೂರದವರು ಎಣಿಸಬಹುದು. ವೈಗೈ ಅಣೆಕಟ್ಟು ಊರಿಗೆ ಹತ್ತಿರದಲ್ಲಿಯೇ ಇದೆ. ಅದು 1959ರಿಂದ ನೀರು ಕೊಡುತ್ತಿದೆ. ಆದರೆ ಆ ನೀರು ಹರಿದು ಹೋಗುವುದು ಕೆಳಗಣ ಮಧುರೆಯ ಸೀಮೆಗೆ. ಆಂಡಿಪಟ್ಟಿಯ ಬಹುಪಾಲು ಹೊಲಗಳು ಮುಗಿಲನ್ನೇ ನೋಡುತ್ತವೆ. ಉಳಿದವರಿಗೆ ಮಗ್ಗ, ಕೂಲಿ, ಇಲ್ಲವೆ ಮಧುರೆಯ ಬಸ್ಸು.

2019ರಲ್ಲಿ ಅಲ್ಲಿ ಒಂದೇ ದಿನ ಎರಡು ಮತ ಹಾಕಬೇಕಾಗಿತ್ತು: ಒಂದು ಲೋಕಸಭೆಗೆ, ಇನ್ನೊಂದು ವಿಧಾನಸಭೆಯ ಉಪಚುನಾವಣೆಗೆ. ಉಪಚುನಾವಣೆಯ ಎರಡು ದೊಡ್ಡ ಪಕ್ಷಗಳ ಉಮೇದುವಾರರು ಒಡಹುಟ್ಟಿದ ಅಣ್ಣತಮ್ಮಂದಿರು! ನಮ್ಮ ಅತ್ತೆ ನಕ್ಕು, "ಅವರ ಮನೆಯಲ್ಲಿಯೇ ಎರಡು ಪಕ್ಷ ಇರುವಾಗ ನಾವು ಜಗಲಿಯಲ್ಲಿ ಜಗಳವಾಡುವುದೇಕಪ್ಪಾ?" ಎಂದರು. ಆದರೂ ಜಗಳ ನಿಲ್ಲಲಿಲ್ಲ. ಅದು ಅಣ್ಣತಮ್ಮಂದಿರನ್ನು ಕುರಿತುದಾಗಿರಲಿಲ್ಲ, ಬಡತನವನ್ನು ಕುರಿತುದಾಗಿತ್ತು.

ಆ ವರ್ಷ ಹಣದ ಮಾತು ಎಲ್ಲ ಕಡೆಯಿಂದಲೂ ಬಂದಿತ್ತು. ಕೇಂದ್ರ ಸರಕಾರವು ಫೆಬ್ರವರಿಯಲ್ಲಿ ರೈತ ಕುಟುಂಬಗಳಿಗೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡತೊಡಗಿತು. ಕಾಂಗ್ರೆಸ್ ಪಕ್ಷವು ಮಾರ್ಚಿಯಲ್ಲಿ, ದೇಶದ ಅತಿ ಬಡವರಾದ ನೂರಕ್ಕೆ ಇಪ್ಪತ್ತು ಕುಟುಂಬಗಳಿಗೆ ವರ್ಷಕ್ಕೆ 72,000 ರೂಪಾಯಿ ಕೊಡುವುದಾಗಿ ಸಾರಿತು. ರಾಜ್ಯ ಸರಕಾರವು ಪೊಂಗಲ್ ಹಬ್ಬಕ್ಕೆ ಪಡಿತರ ಚೀಟಿಗೆ 1,000 ರೂಪಾಯಿ ಕೊಟ್ಟುದಲ್ಲದೆ, ಬಡ ಕುಟುಂಬಗಳಿಗೆ ಇನ್ನೂ 2,000 ಕೊಡುವುದಾಗಿ ಪ್ರಕಟಿಸಿತ್ತು.

ಅತ್ತೆಯ ಮಗ ವಿದ್ಯುನ್ಮಗ್ಗ ನಡೆಸುವವರು. ಅವರ ವಾದ ಇದು: "6,000ಕ್ಕೆ ಹೊಲದ ಪಟ್ಟಾ ಬೇಕು. ನೇಕಾರನಿಗೆ ಹೊಲವೆಲ್ಲಿ? 72,000ಕ್ಕೆ ಅತಿ ಬಡವನಾಗಿರಬೇಕು. ನಾನು ಅತಿ ಬಡವನೋ, ಬರಿಯ ಬಡವನೋ ಎಂದು ಅಳೆಯುವವರಾರು? ನನ್ನ ಕೂಲಿ ಯಾವ ಪುಸ್ತಕದಲ್ಲಿದೆ?" ವಾಚಕರೇ, ಅರ್ಥಶಾಸ್ತ್ರದ ಪಂಡಿತರು ಬಹುಕಾಲದಿಂದ ಚರ್ಚಿಸುತ್ತಿರುವ ಪ್ರಶ್ನೆಯೇ ಇದು. ಸಹಾಯವನ್ನು ಆಯ್ದವರಿಗೆ ಮಾತ್ರ ಕೊಟ್ಟರೆ ಬೊಕ್ಕಸಕ್ಕೆ ಹಗುರ, ನಿಜ. ಆದರೆ ಆಯುವ ಕೆಲಸದಲ್ಲಿ ತಪ್ಪು ನುಸುಳುತ್ತದೆ. ಮತ್ತು ಆ ತಪ್ಪು ಸಾಮಾನ್ಯವಾಗಿ ಕಾಗದ ಪತ್ರ ಇಲ್ಲದವನ ತಲೆಯ ಮೇಲೆಯೇ ಬೀಳುತ್ತದೆ. 1997ರಲ್ಲಿ ಕೇಂದ್ರವು ಪಡಿತರವನ್ನು ಬಡತನದ ರೇಖೆಗೆ ಕಟ್ಟಿದಾಗ ತಮಿಳುನಾಡು ಅದನ್ನು ಅನುಸರಿಸದೆ, ನ್ಯಾಯಬೆಲೆ ಅಂಗಡಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಉಳ್ಳವನು ಸರತಿಯ ಸಾಲಿನಲ್ಲಿ ನಿಲ್ಲಲು ತಾನೇ ನಾಚಿ ಬಿಡುತ್ತಾನೆ, ಇಲ್ಲದವನು ತನ್ನ ಬಡತನವನ್ನು ಸಾಬೀತು ಮಾಡಬೇಕಾಗಿಲ್ಲ. ಖರ್ಚು ಹೆಚ್ಚು ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ನಮಗೆ ಇದೇ ಮೇಲೆನಿಸುತ್ತದೆ.

ಹೀಗೆನಿಸಲು ಕಾರಣವುಂಟು. ಬಿ.ಎ., ಬಿ.ಟಿ. ಮುಗಿಸಿ ಬಂದ ಹೊಸದರಲ್ಲಿ ನಾವು 'ಬಿಟ್ಟಿ' ಎಂಬ ಮಾತನ್ನು ತುಟಿ ಕೊಂಕಿಸಿ ಆಡುತ್ತಿದ್ದೆವು. ಉಂಡ ತಟ್ಟೆಯನ್ನು ಮರೆತಿದ್ದೆವು. ಗಡಿಯ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ನಾವೂ ಮಧ್ಯಾಹ್ನದ ಊಟಕ್ಕೆ ತಟ್ಟೆ ಹಿಡಿದು ಕುಳಿತವರೇ. ಶಾಲೆಯಲ್ಲಿ ಊಟ ಹಾಕುವ ಪದ್ಧತಿಯನ್ನು ಮದ್ರಾಸ್ ನಗರಸಭೆ 1920ರಲ್ಲಿಯೇ ಆರಂಭಿಸಿತ್ತು. ಕಾಮರಾಜರು 1956ರಲ್ಲಿ ಅದನ್ನು ಹಳ್ಳಿಗಳಿಗೂ ಹಬ್ಬಿಸಿದರು. ರಾಮಚಂದ್ರನ್ ಅವರು 1982ರ ಜುಲೈ 1ರಿಂದ ಅದನ್ನು ವಿಸ್ತರಿಸಿ ಪೌಷ್ಟಿಕ ಆಹಾರ ಯೋಜನೆಯಾಗಿ ಮಾಡಿದರು. ಬೊಕ್ಕಸ ಬರಿದಾಗುವುದೆಂದು ಆಗ ಅನೇಕರು ಹೇಳಿದರು. 1989ರಲ್ಲಿ, ನಾವು ನಾಲ್ಕನೆಯ ತರಗತಿಯಲ್ಲಿದ್ದಾಗ, ಎದುರು ಪಕ್ಷದ ಕರುಣಾನಿಧಿ ಅವರು ಅಧಿಕಾರಕ್ಕೆ ಬಂದರು. ಊಟ ನಿಂತುಹೋಗುವುದೆಂದು ಅಡುಗೆಯಾಕೆ ಕಣ್ಣೀರು ಹಾಕಿದ್ದು ನೆನಪಿದೆ. ಊಟ ನಿಲ್ಲಲಿಲ್ಲ, ಹದಿನೈದು ದಿನಕ್ಕೊಂದು ಬೇಯಿಸಿದ ಕೋಳಿಮೊಟ್ಟೆ ಅದರ ಮೇಲೆ ಬಂತು. ಅನ್ನ ಒಂದು ಪಕ್ಷದ್ದು, ಮೊಟ್ಟೆ ಇನ್ನೊಂದು ಪಕ್ಷದ್ದು, ತಟ್ಟೆ ನಮ್ಮದು. ನಮ್ಮ ಓರಗೆಯವರಲ್ಲಿ ಎಷ್ಟು ಮಂದಿ ಆ ತಟ್ಟೆಯ ದೆಸೆಯಿಂದ ಐದನೆಯ ತರಗತಿಯನ್ನು ಮುಟ್ಟಿದರೆಂಬುದನ್ನು ಬಲ್ಲೆವು. ಶನಿವಾರ ಅರ್ಧ ದಿನದ ಶಾಲೆಗೆ ಊಟವಿಲ್ಲದಾಗ ಹಿಂದಿನ ಸಾಲುಗಳು ಬರಿದಾಗಿರುತ್ತಿದ್ದವು.

ಜಗಲಿಯ ಮೇಲಿದ್ದ ಹಿರಿಯ ನೇಕಾರರೊಬ್ಬರು ಇನ್ನೊಂದು ವಿಷಯವನ್ನು ಎತ್ತಿದರು. 1983ರಲ್ಲಿ ಆರಂಭವಾದ ಉಚಿತ ಸೀರೆ ಪಂಚೆಗಳ ಯೋಜನೆ ಅದು. ಬಡವರಿಗೆ ಪೊಂಗಲ್ಲಿಗೆ ಬಟ್ಟೆ. ಆ ಬಟ್ಟೆಯನ್ನು ನೇಯಲು ನೇಕಾರರ ಸಂಘಗಳಿಗೆ ಕೆಲಸ. "ಉಟ್ಟವನಿಗೆ ಅದು ದಾನ ಇರಬಹುದು, ನೇಯ್ದವನಿಗೆ ಕೂಲಿ. ಸುಮ್ಮನೆ ಕುಳಿತ ಮಗ್ಗ ಆಡಿತಲ್ಲ!" ಎಂದರವರು. ಈ ಮಾತು ನಮಗೆ ಬಹಳ ಹಿಡಿಸಿತು. ಒಂದೇ ರೂಪಾಯಿ ಹಾಸಾಗಿಯೂ ಹೊಕ್ಕಾಗಿಯೂ ಕೆಲಸ ಮಾಡುವ ಯೋಜನೆಗೂ, ಕೈಗೆ ಬಂದು ಕೈಬಿಟ್ಟು ಹೋಗುವ ಹಣಕ್ಕೂ ಅಂತರವಿದೆ. 2016ರಲ್ಲಿ ಕೈಮಗ್ಗಕ್ಕೆ ಎರಡು ತಿಂಗಳಿಗೆ 200 ಯೂನಿಟ್, ವಿದ್ಯುನ್ಮಗ್ಗಕ್ಕೆ 750 ಯೂನಿಟ್ ಉಚಿತವಾದುದನ್ನೂ ನಾವು ಈ ಮೊದಲ ಪಂಗಡಕ್ಕೇ ಸೇರಿಸುತ್ತೇವೆ.

ಅತ್ತೆಯ ಸೊಸೆ ಅಷ್ಟು ಹೊತ್ತು ಒಳಗೆ ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದವರು, ಬಾಗಿಲಿಗೆ ಬಂದು, "ಅಣ್ಣಾ, ಅಕ್ಕಿ ಅಂಗಡಿಯಲ್ಲಿ ಕೊಟ್ಟುದನ್ನು ಸಾರಾಯಿ ಅಂಗಡಿಯಲ್ಲಿ ತಿರುಗಿ ತೆಗೆದುಕೊಳ್ಳುತ್ತಾರಲ್ಲ, ಅದನ್ನೂ ಬರೆದುಕೊಳ್ಳಿ" ಎಂದರು. ಗಂಡಸರು ಸುಮ್ಮನಾದರು. 2003ರಿಂದ ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟವೂ ಸರಕಾರದ ಕೈಯಲ್ಲಿಯೇ ಇದೆ. ರಾಜ್ಯದ ವರಮಾನದ ದೊಡ್ಡದೊಂದು ಭಾಗ ಅಲ್ಲಿಂದ ಬರುತ್ತದೆ. ಯಾವ ಯೋಜನೆಗೆ ಹಣ ಎಲ್ಲಿಂದ ಬರುತ್ತದೆಂಬ ಲೆಕ್ಕವನ್ನು ಪ್ರಣಾಳಿಕೆಗಳು ಹೇಳುವುದಿಲ್ಲ. ಹೇಳಿದ್ದರೆ ಆಕೆಯ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು.

ಭರವಸೆಗಳ ಮಾತು ಬಂದಾಗ ಹಳೆಯ ಒಂದು ಪ್ರಕರಣವನ್ನು ಹೇಳಬೇಕು. 1967ರಲ್ಲಿ ದ್ರಾವಿಡ ಮುನ್ನೇತ್ರ ಕಳಗವು ರೂಪಾಯಿಗೆ ಮೂರು ಪಡಿ ಅಕ್ಕಿ ತನ್ನ ಗುರಿಯೆಂದೂ ಒಂದು ಪಡಿಯಂತೂ ಖಂಡಿತವೆಂದೂ ಹೇಳಿ ಗೆದ್ದಿತು. ಒಂದು ಪಡಿಯ ಅಕ್ಕಿ ಕೆಲವು ನಗರಗಳಲ್ಲಿ ಮಾತ್ರ ಬಂತು, ಹಣ ಸಾಲದೆ ಅದೂ ನಿಂತಿತು. ಅದೇ ಪಕ್ಷ 2006ರಲ್ಲಿ ಕಿಲೋ ಅಕ್ಕಿಗೆ ಎರಡು ರೂಪಾಯಿ ಎಂದಿತು; ಆಂಡಿಪಟ್ಟಿ ಆಗ ಜಯಲಲಿತಾ ಅವರನ್ನೇ ಆರಿಸಿತು, ರಾಜ್ಯ ಕರುಣಾನಿಧಿ ಅವರನ್ನು ಆರಿಸಿತು. ಎರಡು ರೂಪಾಯಿ ಅಕ್ಕಿ ಜೂನ್ 3ರಿಂದ ಆಂಡಿಪಟ್ಟಿಗೂ ಬಂತು. 2008ರಲ್ಲಿ ಬೆಲೆ ಒಂದು ರೂಪಾಯಿಗೆ ಇಳಿಯಿತು. 2011ರ ಜೂನ್ 1ರಿಂದ, ಜಯಲಲಿತಾ ಅವರ ಸರಕಾರದಲ್ಲಿ, ಅಕ್ಕಿ ಪೂರ್ಣವಾಗಿ ಉಚಿತವಾಯಿತು. ಈ ಅಕ್ಕಿ ಯಾರಿಗೆ ಮತ ಹಾಕಿದೆಯೆಂದು ಯಾರನ್ನೂ ಕೇಳಲಿಲ್ಲ. ಶಾಸನ ಅಥವಾ ಸರಕಾರದ ಆಜ್ಞೆಯ ಮೂಲಕ ಎಲ್ಲರಿಗೂ ಬರುವ ಸಹಾಯದ ಲಕ್ಷಣವೇ ಅದು.

ಇನ್ನೊಂದು ಬಗೆಯ ಹಣವುಂಟು. ನಾವು ಊರಿಗೆ ಹಿಂದಿರುಗಿದ ಮೇಲೆ, ಏಪ್ರಿಲ್ 16ರ ರಾತ್ರಿ, ಆಂಡಿಪಟ್ಟಿಯಲ್ಲಿ ಪಕ್ಷವೊಂದರ ಕಚೇರಿಯಿದ್ದ ಕಟ್ಟಡವನ್ನು ವರಮಾನ ತೆರಿಗೆಯ ಅಧಿಕಾರಿಗಳು ಶೋಧಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆವು. ಜನ ಗುಂಪುಗೂಡಿ ಅಡ್ಡಿಪಡಿಸಿದಾಗ ಪೋಲೀಸರು ಗಾಳಿಯಲ್ಲಿ ಗುಂಡು ಹಾರಿಸಿದರು. ಸಿಕ್ಕ ಹಣ 1 ಕೋಟಿ 48 ಲಕ್ಷ ರೂಪಾಯಿ; ಪೊಟ್ಟಣಗಳ ಮೇಲೆ ವಾರ್ಡಿನ ಸಂಖ್ಯೆ, ಮತದಾರರ ಸಂಖ್ಯೆ, ತಲೆಗೆ 300 ರೂಪಾಯಿ ಎಂಬ ಬರಹ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮಿನ ಪ್ರಕಾರ ಮತಕ್ಕಾಗಿ ಹಣ ಕೊಡುವುದು ಲಂಚ, ಭ್ರಷ್ಟ ಆಚಾರ. ಪ್ರಣಾಳಿಕೆಯ ಭರವಸೆ ಈ ಕಲಮಿನೊಳಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಮೊಕದ್ದಮೆಯಲ್ಲಿಯೇ 2013ರ ಜುಲೈ 5ರಂದು ತೀರ್ಪಿತ್ತಿತು. ಆದರೆ ಇಂಥ ಭರವಸೆಗಳು ಚುನಾವಣೆಯ ಶುದ್ಧಿಯನ್ನು ಅಲುಗಿಸುತ್ತವೆಂದು ಹೇಳಿ, ನಿಯಮಗಳನ್ನು ರಚಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು.

ಈ ಎರಡರ ಅಂತರವನ್ನು ನಾವು ಏಳನೆಯ ತರಗತಿಗೆ ಲೆಕ್ಕವಾಗಿಯೇ ಕೊಟ್ಟೆವು. ಐದು ವರ್ಷಕ್ಕೆ 300 ರೂಪಾಯಿ ಎಂದರೆ ದಿನಕ್ಕೆ ಸುಮಾರು 16 ಪೈಸೆ. ನಾಲ್ವರ ಮನೆಗೆ ತಿಂಗಳಿಗೆ 20 ಕಿಲೋ ಅಕ್ಕಿ, ಕಿಲೋಗೆ 35 ರೂಪಾಯಿ ಎಂದೆಣಿಸಿದರೂ ತಿಂಗಳಿಗೆ 700, ಐದು ವರ್ಷಕ್ಕೆ 42,000. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಅಕ್ಕಿ ಹೇಗೂ ಬರುತ್ತದೆ, 300ನ್ನು ಯಾಕೆ ಬಿಡಬೇಕು?" ಎಂದು ಕೇಳಿದ. ಅವನನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ಕೊಟ್ಟವನು ಗೆದ್ದರೆ ಆ ಪೊಟ್ಟಣದ ಹಣವನ್ನು ಎಲ್ಲಿಂದ ತುಂಬಿಕೊಳ್ಳುತ್ತಾನೆಂಬುದನ್ನು ವಿವರಿಸಲು ಮರುದಿನದ ಪಾಠದ ಅವಧಿಯೂ ಹಿಡಿಯಿತು.

ಮತದಾನದ ಫಲ ವಿಚಿತ್ರವಾಯಿತು. ಆಂಡಿಪಟ್ಟಿ ಸೇರಿದ ತೇನಿ ಲೋಕಸಭಾ ಕ್ಷೇತ್ರವನ್ನು ಅಣ್ಣಾ ದ್ರಮುಕ ಗೆದ್ದಿತು. ಇಡೀ ತಮಿಳುನಾಡಿನಲ್ಲಿ ಅದರ ಮೈತ್ರಿಕೂಟಕ್ಕೆ ದೊರೆತ ಲೋಕಸಭಾ ಸ್ಥಾನ ಅದೊಂದೇ. ಅದೇ ದಿನದ ಉಪಚುನಾವಣೆಯಲ್ಲಿ ಆಂಡಿಪಟ್ಟಿಯ ಸ್ಥಾನ ದ್ರಮುಕಕ್ಕೆ ಹೋಯಿತು. 72,000ದ ಯೋಜನೆ ಅದನ್ನು ಹೇಳಿದವರು ಸೋತುದರಿಂದ ಕಾಗದದಲ್ಲಿಯೇ ಉಳಿಯಿತು.

ಆ ಸಂಜೆಗಳಲ್ಲಿ ಹಣವನ್ನೂ ಅಕ್ಕಿಯನ್ನೂ ಕೇಳದೆ ಇದ್ದವನು ಒಬ್ಬನೇ, ಪದವಿ ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನೆರೆಮನೆಯ ತರುಣ. ಅವನು ಕೇಳಿದ್ದು ರೈಲು. ಮಧುರೆಯಿಂದ ಆಂಡಿಪಟ್ಟಿಯ ಮೇಲೆ ಬೋಡಿನಾಯಕನೂರಿಗೆ ಹೋಗುತ್ತಿದ್ದ ಮೀಟರ್ ಗೇಜ್ ಹಾದಿಯನ್ನು ಅಗಲಗೊಳಿಸಲೆಂದು 2010ರ ಕೊನೆಯಲ್ಲಿ ಮುಚ್ಚಿದ್ದರು. "ರೈಲನ್ನು ಪೊಟ್ಟಣದಲ್ಲಿ ಹಾಕಿ ಕೊಡಲಾಗದಲ್ಲ, ಅದಕ್ಕೇ ಯಾರೂ ಕೊಡುವುದಿಲ್ಲ" ಎಂದು ಅವನು ಹೇಳಿದಾಗ ಎಲ್ಲರೂ ನಕ್ಕರು. 2022ರ ಮೇ ತಿಂಗಳಲ್ಲಿ ತೇನಿಯವರೆಗೂ, ಮರುವರ್ಷ ಬೋಡಿಯವರೆಗೂ ಗಾಡಿ ಓಡಿತು.

2023ರ ದಸರೆಯ ರಜೆಯಲ್ಲಿ ನಾವು ಆ ಗಾಡಿಯಲ್ಲಿಯೇ ಹೋಗಿ ಇಳಿದೆವು. ಮನೆಯ ಹೆಂಗಸರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ರಾಜ್ಯದ ಯೋಜನೆ ಸೆಪ್ಟೆಂಬರ್ 15ರಂದು ಆರಂಭವಾಗಿತ್ತು; ಅದಕ್ಕೆ ವರಮಾನ, ಭೂಮಿ, ವರ್ಷಕ್ಕೆ 3,600 ಯೂನಿಟ್ ವಿದ್ಯುತ್ತು ಎಂದು ಮಿತಿಗಳಿವೆ. ಅತ್ತೆಯ ಸೊಸೆಗೆ ಹಣ ಬಂದಿತ್ತು. ನೂಲಿನ ಸಾಲಕ್ಕೆ ಕಟ್ಟಿದೆವೆಂದರು. ಜಗಲಿಯ ಮೇಲೆ ಆಗಲೇ ವಾದ ನಡೆದಿತ್ತು: ಮೂವರು ಅಣ್ಣತಮ್ಮಂದಿರು ಒಂದೇ ಮೀಟರಿನ ಕೆಳಗೆ ಬಾಳಿದರೆ ಆ 3,600 ಯೂನಿಟ್ಟನ್ನು ಯಾರ ಲೆಕ್ಕಕ್ಕೆ ಬರೆಯಬೇಕು?