ಕಾರು ಕೊಂಡವರ ಕೆಲವು ಭ್ರಮೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಅವಳಿ ನಗರಗಳನ್ನು ಬೆಸೆದಿರುವ ಪಿ.ಬಿ. ರಸ್ತೆಯಲ್ಲಾಗಲಿ ಹಾಯ್ದು ಹೋಗುವವನಿಗೆ ಕಾರು ಮಾರುವ ಗಾಜಿನ ಮಹಲುಗಳು ಕಣ್ಣಿಗೆ ಬೀಳದೆ ಇರವು. ತುಸು ನಿಂತು ನೋಡಿದವನಿಗೆ ಆ ಮಹಲುಗಳಿಗೆ ಬಹುಮಟ್ಟಿಗೆ ಎರಡು ಬಾಗಿಲುಗಳಿರುವುದೂ ತಿಳಿಯುತ್ತದೆ. ಮುಂದಿನ ಬಾಗಿಲಿನಿಂದ ಕೊಳ್ಳಲೆಂದು ಬಂದವನು ಒಳಹೊಗುತ್ತಾನೆ; ಅವನಿಗೆ ತಂಪುಗಾಳಿ, ಗಾಜಿನ ಲೋಟದಲ್ಲಿ ನೀರು, ಚಹಾ, ಮಾತಿಗೊಮ್ಮೆ ‘ಸರ್’ ಎಂಬ ಸಂಬೋಧನೆ, ಕಡೆಗೊಂದು ಶುಭದಿನ ಹೊಳೆಯುವ ಹೊದಿಕೆಯನ್ನು ಸರಿಸಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಸಕುಟುಂಬ ತೆಗೆಸಿಕೊಂಡ ಒಂದು ಫೋಟೋ. ಆರು ತಿಂಗಳ ತರುವಾಯ ಅದೇ ಮನುಷ್ಯನು ಗಾಡಿಯೊಳಗಿನ ಯಾವುದೋ ಸಪ್ಪಳದ ಚಿಂತೆಯನ್ನು ಹೊತ್ತು ಹಿಂದಿನ ಬಾಗಿಲಿಗೆ ಬರುತ್ತಾನೆ; ಅಲ್ಲಿ ಅವನಿಗೆ ದೊರೆಯುವುದು ಪ್ಲಾಸ್ಟಿಕ್ಕಿನ ಕುರ್ಚಿ ಮತ್ತು ‘ನಾಳೆ ಬರ್ರಿ’ ಎಂಬ ಉತ್ತರ. ಈ ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಂಡವನು ಏನು ಮಾಡಬಲ್ಲನು, ಏನು ಮಾಡಲಾರನು ಎಂಬುದನ್ನು ಕುರಿತು ನಮ್ಮ ಜನರಲ್ಲಿ ಬೇರೂರಿರುವ ನಂಬಿಕೆಗಳಲ್ಲಿ ಕೆಲವು ಬರಿಯ ತಪ್ಪುಗಳು. ಕೆಲವು ಕೈಯ ಕಾಸನ್ನೂ ಕಳೆಯುವಂಥವು.

ಎಲ್ಲಕ್ಕಿಂತ ಹಳೆಯದು ಪ್ರತೀಕಾರದ ಭ್ರಮೆ. ಅಲ್ವರದ ಮಹಾರಾಜರು ಲಂಡನ್ನಿನ ರೋಲ್ಸ್ ರಾಯ್ಸ್ ಅಂಗಡಿಯಲ್ಲಿ ಸಾದಾ ಉಡುಪಿನ ನಿಮಿತ್ತ ಅವಮಾನಿತರಾಗಿ, ಅಲ್ಲಿದ್ದ ಕಾರುಗಳನ್ನೆಲ್ಲ ಒಮ್ಮೆಲೇ ಕೊಂಡು ತಂದು, ತಮ್ಮ ಊರಿನ ಕಸ ಸಾಗಿಸಲು ಹಚ್ಚಿದರೆಂಬ ಕಥೆಯನ್ನು ಕೇಳದವರು ವಿರಳ. ಇದೇ ಕಥೆಯನ್ನು ಪಟಿಯಾಲೆಯ, ಭರತಪುರದ, ಹೈದರಾಬಾದಿನ ಅರಸರ ಹೆಸರಿನಲ್ಲಿಯೂ ಹೇಳುವುದುಂಟು. ಒಂದೇ ಅವಮಾನವು ನಾಲ್ವರು ಅರಸರಿಗೆ ಒಂದೇ ಬಗೆಯಾಗಿ ಒದಗಿತೆಂಬುದನ್ನು ನಂಬುವುದಕ್ಕಿಂತ, ಅವಮಾನಿತರಾದ ಸಾಮಾನ್ಯರು ತಮ್ಮ ಮನಸ್ಸಮಾಧಾನಕ್ಕಾಗಿ ಅರಸರ ಬಾಯಿಂದ ಉತ್ತರ ಹೇಳಿಸಿಕೊಂಡರೆಂದು ತಿಳಿಯುವುದೇ ಯುಕ್ತವಾಗಿ ತೋರುತ್ತದೆ.

ಆದರೆ ನಮ್ಮ ರಾಜ್ಯದಲ್ಲಿಯೇ ಇಂಥದೊಂದು ಪ್ರಸಂಗ ನಿಜವಾಗಿಯೂ ನಡೆದುಹೋಯಿತು. 2022ರ ಜನವರಿಯಲ್ಲಿ ತುಮಕೂರಿನ ಮಹೀಂದ್ರ ಶೋರೂಮಿಗೆ ಬೊಲೆರೊ ಪಿಕಪ್ ವಾಹನವನ್ನು ನೋಡಲು ಹೋದ ರೈತನೊಬ್ಬನಿಗೆ, ಜೇಬಿನಲ್ಲಿ ಹತ್ತು ರೂಪಾಯಿ ಇಲ್ಲದವನು ಹತ್ತು ಲಕ್ಷದ ಗಾಡಿ ಕೊಳ್ಳಬಂದೆಯಾ ಎಂಬರ್ಥದ ಮಾತನ್ನು ಮಾರಾಟಗಾರನು ಆಡಿದನೆಂಬುದು ದೂರು. ಆ ರೈತನು ಸುಮಾರು ಒಂದು ಗಂಟೆಯೊಳಗಾಗಿ ಹಣವನ್ನು ಹೊಂದಿಸಿ ತಂದು, ಗಾಡಿಯನ್ನು ಕೊಡಿರೆಂದು ಕೇಳಿದಾಗ, ಕೊಡಲು ಗಾಡಿಯೇ ಸಿದ್ಧವಿರಲಿಲ್ಲ. ವಿಡಿಯೋ ದೇಶವನ್ನೆಲ್ಲ ಸುತ್ತಿತು, ಕಂಪನಿಯ ಅಧ್ಯಕ್ಷರಾದ ಆನಂದ ಮಹೀಂದ್ರ ಅವರೇ ವ್ಯಕ್ತಿಗೌರವವನ್ನು ಕುರಿತು ಬರೆದರು, ಕೆಲವೇ ದಿನಗಳಲ್ಲಿ ಕ್ಷಮೆಯಾಚನೆಯೂ ಆಯಿತು, ಗಾಡಿಯೂ ತಲುಪಿತು. ನಮ್ಮ ಖಾನಾವಳಿಗಳಲ್ಲಿ ಊಟದ ನಡುವೆ ಈ ಕಥೆ ಅದೆಷ್ಟು ಸಲ ಬಡಿಸಲ್ಪಟ್ಟಿತೋ! ಕೇಳಿದವರು ಇದರಿಂದ ಗ್ರಹಿಸಿದ್ದು ಮಾತ್ರ ವಿಪರೀತವಾದುದು: ಕೂಗಾಡಿದರೆ, ವಿಡಿಯೋ ಮಾಡಿ ಹರಿಬಿಟ್ಟರೆ, ನ್ಯಾಯ ಸಿಕ್ಕೇ ಸಿಗುತ್ತದೆಂದು. ಅದು ಒಬ್ಬನಿಗೆ ಒದಗಿದ ದೈವಯೋಗ. ಕಾಯಿದೆಯ ಕಣ್ಣಿನಲ್ಲಿ ಗ್ರಾಹಕನೆಂದರೆ ಹಣವನ್ನು ಕೊಟ್ಟು, ಅಥವಾ ಕೊಡುವೆನೆಂದು ಒಪ್ಪಿ, ವಸ್ತುವನ್ನೋ ಸೇವೆಯನ್ನೋ ಪಡೆದವನು. ನೋಡಲು ಬಂದು ಅವಮಾನಿತನಾದವನಿಗೆ, ಖೇದಕರವಾದರೂ ನಿಜ, ಗ್ರಾಹಕ ಆಯೋಗದಲ್ಲಿ ಸುಲಭವಾಗಿ ಆಸನ ದೊರೆಯದು. ಕೊಂಡ ಮೇಲೆಯೂ ಕೂಡ ‘ಸೇವಾ ನ್ಯೂನತೆ’ ಎಂದು ಕಾಯಿದೆ ಕರೆಯುವುದು ಕೆಲಸದಲ್ಲಿಯ ಅಲಕ್ಷ್ಯವನ್ನು, ಲೋಪವನ್ನು, ತಿಳಿಸಬೇಕಾದುದನ್ನು ಬಚ್ಚಿಟ್ಟುದನ್ನು. ಮುಖ ಗಂಟಿಕ್ಕಿಕೊಂಡು ಮಾತನಾಡಿದ್ದನ್ನು ಅಲ್ಲ.

ಎರಡನೆಯ ಭ್ರಮೆ ಇನ್ನೂ ವ್ಯಾಪಕವಾದುದು: ಶೋರೂಮು ಬೇರೆಯಲ್ಲ, ಕಂಪನಿ ಬೇರೆಯಲ್ಲ, ಮಗ ಮಾಡಿದ ತಪ್ಪಿಗೆ ತಂದೆ ಹೊಣೆ ಎಂಬ ಹಾಗೆ ಮಾರಿದವನ ತಪ್ಪಿಗೆ ತಯಾರಿಸಿದವನು ಹೊಣೆಯೆಂಬುದು. ಘಟ್ಟದ ಕೆಳಗಿನ ಗೋವೆಯಲ್ಲಿ ನಡೆದ ಒಂದು ಪ್ರಕರಣವನ್ನು ಇಲ್ಲಿ ವಿಸ್ತಾರವಾಗಿ ಹೇಳುವುದು ಅವಶ್ಯ. 2011ರಲ್ಲಿ ಅಲ್ಲಿಯ ಗ್ರಾಹಕರೊಬ್ಬರು ಆ ವರ್ಷದ ಟಾಟಾ ಕಾರಿಗೆಂದು ಹಣ ತೆತ್ತರು. ಮಾರಾಟಗಾರನು ಕೊಡಲು ಬಂದ ಕಾರು 2009ರಲ್ಲಿ ತಯಾರಾದುದು, ಅದಾಗಲೇ 622 ಕಿಲೋಮೀಟರು ಓಡಿದ್ದು, ತಳಭಾಗದಲ್ಲಿ ತುಕ್ಕು ಹಿಡಿದದ್ದು. ಗ್ರಾಹಕರು ಅದನ್ನು ಸ್ವೀಕರಿಸದೆ ದೂರು ಕೊಟ್ಟರು; ಜಿಲ್ಲಾ, ರಾಜ್ಯ, ರಾಷ್ಟ್ರ ಈ ಮೂರೂ ಹಂತಗಳಲ್ಲಿ ಅವರೇ ಗೆದ್ದರು, ಮಾರಿದವನೂ ತಯಾರಿಸಿದವನೂ ಇಬ್ಬರೂ ಹೊಣೆಯೆಂದು ತೀರ್ಮಾನವಾಯಿತು. ಆದರೆ 2021ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಟಾಟಾ ಮೋಟರ್ಸ್ ಕಂಪನಿಯನ್ನು ಆ ಹೊಣೆಯಿಂದ ಬಿಡುಗಡೆ ಮಾಡಿತು. ಕಂಪನಿಯಿಂದ ಡೀಲರು ಗಾಡಿಯನ್ನು ತನ್ನ ಹಣದಿಂದ ಕೊಳ್ಳುತ್ತಾನೆ, ತನ್ನ ಹೆಸರಿನಲ್ಲಿ ಮಾರುತ್ತಾನೆ. ಅವರಿಬ್ಬರ ಸಂಬಂಧ ಇಬ್ಬರು ಸ್ವತಂತ್ರ ವ್ಯಾಪಾರಿಗಳದು, ಯಜಮಾನ-ಗುಮಾಸ್ತರದಲ್ಲ. ಡೀಲರನು ಮಾಡಿದ ಮೋಸವು ಕಂಪನಿಗೆ ತಿಳಿದಿತ್ತೆಂದು ತೋರಿಸಿದ ಹೊರತು ಅದನ್ನು ಕಂಪನಿಯ ಕೊರಳಿಗೆ ಕಟ್ಟಲಾಗದು ಎಂಬುದು ಆ ತೀರ್ಪಿನ ಸಾರ. ಮಾರಿದವನ ಹೊಣೆ ಹಾಗೆಯೇ ಉಳಿಯಿತು. ಅಂದರೆ, ಆಡಿದ ಮಾತಿಗೆ ತಪ್ಪಿದವನು ಶೋರೂಮಿನವನಾಗಿದ್ದರೆ ದೂರಿನ ಬಾಣ ಅವನ ಕಡೆಗೇ ತಿರುಗಬೇಕು. ಯಂತ್ರವೇ ಹುಟ್ಟಾ ದೋಷಪೂರಿತವಾಗಿದ್ದರೆ ಕಂಪನಿಯ ಕಡೆಗೆ. ಮುಂದಿನ ವರ್ಷ, 2022ರ ಏಪ್ರಿಲಿನಲ್ಲಿ, ಅಪಘಾತದ ವೇಳೆ ಏರ್‌ಬ್ಯಾಗು ತೆರೆಯದ ಹ್ಯುಂಡೈ ಕ್ರೆಟಾ ಕಾರಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಕಂಪನಿಯ ಮೇಲಿನ ಆದೇಶವನ್ನು ಎತ್ತಿಹಿಡಿದುದನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಭೇದವು ಸ್ಪಷ್ಟವಾಗುತ್ತದೆ.

ಗೋವೆಯ ಕಾರಿನಂಥದು ನಮಗೂ ಗಂಟುಬೀಳದಂತೆ ನೋಡಿಕೊಳ್ಳಲು ದೊಡ್ಡ ವಿದ್ಯೆ ಬೇಕಿಲ್ಲ. ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ಗಾಡಿ ತಯಾರಾದ ತಿಂಗಳು-ವರ್ಷಗಳನ್ನು ನಮೂದಿಸಲೇಬೇಕು. ಧಾರವಾಡದ ಕೆಎ 25 ಆಗಲಿ, ಹುಬ್ಬಳ್ಳಿಯ ಕೆಎ 63 ಆಗಲಿ, ನೋಂದಣಿಯ ಮೊದಲು ಆ ಸಾಲನ್ನೊಮ್ಮೆ ಓದಿಕೊಂಡರಾಯಿತು. ತಾತ್ಕಾಲಿಕವಾಗಿಯಾದರೂ ನೋಂದಣಿಯಾಗದ ಗಾಡಿಯನ್ನು ಡೀಲರನು ಗ್ರಾಹಕನ ಕೈಗೆ ಕೊಡಕೂಡದೆಂಬುದೂ ನಿಯಮವೇ; ಮುಹೂರ್ತ ಮೀರುತ್ತದೆಂದು ಅವಸರ ಮಾಡುವವರು ಹೆಚ್ಚಾಗಿ ನಾವೇ.

ಇನ್ನು, ಹೊಸ ಗಾಡಿ ಕೆಟ್ಟರೆ ಮತ್ತೊಂದು ಹೊಸ ಗಾಡಿ ಸಿಗುತ್ತದೆಂಬ ಆಸೆ. ವಾರಂಟಿಯ ಪುಸ್ತಕವು ಸಾಮಾನ್ಯವಾಗಿ ಕೊಡುವ ವಚನ ಕೆಟ್ಟ ಭಾಗವನ್ನು ಬದಲಿಸುವುದು ಮಾತ್ರ; ಇಡೀ ಗಾಡಿಯನ್ನಲ್ಲ. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಮಾರುತಿ ಕಂಪನಿಯ ಪ್ರಕರಣದಲ್ಲಿ ಇದನ್ನೇ ಹೇಳಿತು. ಕ್ರೆಟಾದ ಪ್ರಕರಣದಲ್ಲಿ ಗಾಡಿಯನ್ನೇ ಬದಲಿಸಿಕೊಡಬೇಕೆಂಬ ಆದೇಶ ಉಳಿದುಬಂದಿತಾದರೂ ಅಂಥವು ಅಪರೂಪ. ದೋಷವು ಉತ್ಪಾದನೆಯಲ್ಲಿಯೇ ಇದೆಯೆಂಬುದಕ್ಕೆ ಸಾಮಾನ್ಯವಾಗಿ ತಜ್ಞರ ವರದಿ ಬೇಕಾಗುತ್ತದೆ, ಅಥವಾ ಅದೇ ರೋಗಕ್ಕೆ ಅದೇ ಗಾಡಿ ಮತ್ತೆ ಮತ್ತೆ ಒಳಗೆ ಹೋಗಿ ಹೊರಗೆ ಬಂದುದಕ್ಕೆ ದಾಖಲೆ ಬೇಕಾಗುತ್ತದೆ.

ಈ ದಾಖಲೆಯ ಮಾತು ಬಂದಾಗ ನನ್ನದೇ ಮೂರ್ಖತನವನ್ನು ಹೇಳಿಕೊಳ್ಳದೆ ನಿರ್ವಾಹವಿಲ್ಲ. ಹೊಸ ಗಾಡಿಯನ್ನು ಕೊಂಡ ಮೂರನೆಯ ತಿಂಗಳಿನಲ್ಲಿ, ಧಾರವಾಡದಿಂದ ಹುಬ್ಬಳ್ಳಿಗೆ ಹೊರಟವನು ಉಣಕಲ್ಲ ಕೆರೆಯ ಬಳಿ ಬ್ರೇಕು ತುಳಿದಾಗ, ಎಡಗಡೆಯ ಮುಂದಿನ ಗಾಲಿಯಿಂದ ಕರಕರ ಎಂಬ ಸದ್ದು ಕೇಳಿಸಿತು. ಸರ್ವಿಸಿಂಗಿಗೆ ಒಯ್ದೆನು. ಅಲ್ಲಿಯ ತರುಣನು, “ಹೊಸಾ ಗಾಡಿ ಐತ್ರಿ ಸರ್, ಸೆಟ್ ಆಗೂತನಾ ಆವಾಜ್ ಬರೂದರೀ, ಓಡಿಸ್ಕೋತ ಹೋಗ್ರಿ, ತಾನಾ ಹೋಗ್ತೈತಿ,” ಎಂದು ಹಸನ್ಮುಖನಾಗಿ ಹೇಳಿ, ಒಂದು ಹಾಳೆಗೆ ಸಹಿ ಮಾಡಿಸಿಕೊಂಡನು, ನಾನು ಮಾಡಿದೆನು. ಹೀಗೆ ಮೂರು ಸಲವಾಯಿತು. ನಾಲ್ಕನೆಯ ಸಲ ಸಿಟ್ಟಿಗೆದ್ದು, ಮೂರು ಸಲ ಇದೇ ದೂರನ್ನು ತಂದಿರುವೆನೆಂದು ಮೇಜು ಕುಟ್ಟಿದಾಗ, ವ್ಯವಸ್ಥಾಪಕರು ಶಾಂತಚಿತ್ತರಾಗಿ ನನ್ನ ಹಿಂದಿನ ಮೂರು ಜಾಬ್ ಕಾರ್ಡುಗಳನ್ನು ತೆಗೆದು ನನ್ನ ಮುಂದಿಟ್ಟರು. ಗ್ರಾಹಕರ ದೂರು ಎಂಬ ಮನೆಯಲ್ಲಿ ಮೂರರಲ್ಲಿಯೂ ಇದ್ದುದು ಎರಡೇ ಶಬ್ದ: ಜನರಲ್ ಚೆಕಪ್. ಕೆಳಗೆ ನನ್ನ ಸಹಿ, ದುಂಡಗಿನ ಅಕ್ಷರದಲ್ಲಿ. ಆ ಕಾಗದಗಳ ಪ್ರಕಾರ ನನ್ನ ಗಾಡಿಗೆ ಯಾವ ರೋಗವೂ ಎಂದೂ ಇರಲಿಲ್ಲ. ಆ ದಿನ ಪೆನ್ನನ್ನು ನಾನೇ ತೆಗೆದುಕೊಂಡು, ಅದೇ ಮನೆಯಲ್ಲಿ ಕನ್ನಡದಲ್ಲಿ, ‘ಬ್ರೇಕು ಒತ್ತಿದಾಗ ಎಡಗಡೆಯ ಮುಂದಿನ ಗಾಲಿಯಲ್ಲಿ ಕರಕರ ಸದ್ದು, ನಾಲ್ಕನೆಯ ಸಲ’ ಎಂದು ಬರೆದು, ಓಡಿದ ಕಿಲೋಮೀಟರನ್ನೂ ದಿನಾಂಕವನ್ನೂ ಕಾಣಿಸಿ, ಪ್ರತಿಯನ್ನು ಕೇಳಿ ಪಡೆದೆನು. ಎರಡು ದಿನಗಳಲ್ಲಿ ಬ್ರೇಕಿನ ಡಿಸ್ಕು ಬದಲಾಯಿತು, ಬಿಲ್ಲಿನ ಮೊತ್ತ ಸೊನ್ನೆ. ಮೇಜು ಕುಟ್ಟಿದ್ದರಿಂದ ಆಗದ ಕೆಲಸವನ್ನು ಒಂದು ಸಾಲಿನ ಬರಹ ಮಾಡಿತು.

ಹೊರಗಿನ ಮಿಸ್ತ್ರಿಯ ಕೈಗೆ ಗಾಡಿ ಕೊಟ್ಟರೆ ವಾರಂಟಿ ಹೋಯಿತೆಂಬ ಹೆದರಿಕೆಯನ್ನು ಶೋರೂಮಿನವರು ಹುಟ್ಟಿಸುತ್ತಾರೆ, ನಾವು ಅದನ್ನು ಬೆಳೆಸುತ್ತೇವೆ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ, ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ಹಿಡಿದಿಟ್ಟುದಕ್ಕಾಗಿ, ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡವನ್ನು ವಿಧಿಸಿದಾಗ ಈ ವಿಷಯವನ್ನೂ ಎತ್ತಿಕೊಂಡಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿಯನ್ನು ರದ್ದುಗೊಳಿಸುವ ಸಾರಾಸಗಟು ಷರತ್ತು ಸಲ್ಲದು. ಆ ರಿಪೇರಿಯ ತಪ್ಪಿನಿಂದ ಉಂಟಾದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿಯನ್ನು ನಿರಾಕರಿಸಬಹುದೆಂಬುದು ಅದರ ನಿರ್ದೇಶ. ದಂಡದ ವಿರುದ್ಧ ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವೆಂಬುದನ್ನೂ ಹೇಳಬೇಕು. ಆದಕಾರಣ ಹೊರಗಿನ ಮಿಸ್ತ್ರಿಯ ಬಳಿ ಹೋದವರು ಬಿಲ್ಲನ್ನೂ ಹಳೆಯ ಭಾಗವನ್ನೂ ಕೇಳಿ ಇಟ್ಟುಕೊಳ್ಳುವುದು ಜಾಣತನ. ವಿಮೆಯ ವಿಷಯ ಇನ್ನೂ ಸರಳ. ಶೋರೂಮಿನ ವಿಮೆಯನ್ನೇ ಕೊಳ್ಳಬೇಕೆಂಬ ಕಟ್ಟುಪಾಡು ಯಾವ ಕಾಯಿದೆಯಲ್ಲಿಯೂ ಇಲ್ಲ. ಆದರೆ 10 ಲಕ್ಷ ರೂಪಾಯಿಗೆ ಮೀರಿದ ಗಾಡಿಯ ಮೇಲೆ ಶೇಕಡಾ 1ರಂತೆ ವಸೂಲಾಗುವ ಮೊತ್ತವನ್ನು ಕಂಡು ಡೀಲರನನ್ನು ಬಯ್ಯುವವರೂ ಇದ್ದಾರೆ. ಅದು ನಮ್ಮದೇ ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುವ ಹಣ, ಅದರಲ್ಲಿ ಆ ಪಾಪದವನ ಪಾಲಿಲ್ಲ.

ಕಡೆಯದು ಕೋರ್ಟಿನ ಭಯ. ವಕೀಲರ ಫೀ, ವರ್ಷಾನುಗಟ್ಟಲೆ ಅಲೆದಾಟ, ಕಂಪನಿಯ ಕಚೇರಿ ಇರುವ ಮುಂಬಯಿಗೋ ದಿಲ್ಲಿಗೋ ಪ್ರಯಾಣ ಎಂದೆಲ್ಲ ಊಹಿಸಿಕೊಂಡು ಸುಮ್ಮನಾಗುವವರೇ ಬಹಳ. 2020ರ ಜುಲೈನಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ಗ್ರಾಹಕನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರನ್ನು ಕೊಡಬಹುದು. ಬೆಂಗಳೂರಿನಲ್ಲಿ ಕಾರು ಕೊಂಡ ಕುಂದಗೋಳದವನಿಗೂ ಧಾರವಾಡದ ಜಿಲ್ಲಾ ಆಯೋಗವೇ ಸಾಕು. ತೆತ್ತ ಬೆಲೆ 50 ಲಕ್ಷದವರೆಗಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400; ಒಂದು ಸಲದ ಸರ್ವಿಸಿಂಗಿನಲ್ಲಿ ಗಾಡಿ ತೊಳೆದುದಕ್ಕೆ ಹಚ್ಚುವ ಲೆಕ್ಕಕ್ಕಿಂತ ಇದು ಹೆಚ್ಚಲ್ಲ. ವಕೀಲರಿಲ್ಲದೆ ಸ್ವತಃ ವಾದಿಸಬಹುದು. ತಡವಾಗುವುದಂತೂ ಸುಳ್ಳಲ್ಲ: ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದಲ್ಲಿ ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯಿದೆ ಹೇಳಿದರೂ, ಗೋವೆಯ ಆ ಪ್ರಕರಣ ಕಡೆಯ ಮೆಟ್ಟಿಲೇರಿ ಇಳಿಯಲು ಸುಮಾರು ಹತ್ತು ವರ್ಷ ಹಿಡಿಯಿತು. ಆದರೆ ಆದೇಶವಾದ ಮೇಲೆ ಅದನ್ನು ಪಾಲಿಸದವನಿಗೆ ಸೆರೆವಾಸ ಅಥವಾ ದಂಡವನ್ನು ವಿಧಿಸುವ ಅಧಿಕಾರ ಆಯೋಗಕ್ಕಿದೆ.

ಹಳದಿ ಬೋರ್ಡಿನ ಗಾಡಿಗೆ ಇದೊಂದೂ ಅನ್ವಯಿಸದೆಂದು ಹುಬ್ಬಳ್ಳಿಯ ರೈಲು ನಿಲ್ದಾಣದ ಮುಂದೆ ಬಾಡಿಗೆಗೆ ನಿಂತ ಚಾಲಕರೊಬ್ಬರು ನನಗೆ ದೃಢವಾಗಿ ಹೇಳಿದರು. ವ್ಯಾಪಾರಕ್ಕಾಗಿ ಹತ್ತಾರು ಗಾಡಿಗಳನ್ನು ಇಟ್ಟವರಿಗೆ ಆ ಮಾತು ಸಲ್ಲುತ್ತದೆ. ಹೊಟ್ಟೆಪಾಡಿಗಾಗಿ ಒಂದು ಗಾಡಿ ಕೊಂಡು ತಾನೇ ಓಡಿಸುವವನನ್ನು ಕಾಯಿದೆಯು ಸ್ವಯಂ ಉದ್ಯೋಗಿಯೆಂದು ಎಣಿಸಿ ಗ್ರಾಹಕರ ಸಾಲಿನಲ್ಲಿಯೇ ಕೂಡಿಸುತ್ತದೆ. ನಾನು ಇದನ್ನು ಹೇಳಿದಾಗ ಅವರು ಒಡನೆಯೇ ಡ್ಯಾಶ್‌ಬೋರ್ಡಿನ ಖಾನೆಯನ್ನು ತೆರೆದು ಹುಡುಕತೊಡಗಿದರು. ಸಿಕ್ಕಿದ್ದು ಬಣ್ಣ ಮಾಸಿದ ಒಂದೇ ಜಾಬ್ ಕಾರ್ಡು.

ಓದುಗರೂ ಇಂದೇ ತಮ್ಮ ಗಾಡಿಯ ಆ ಖಾನೆಯನ್ನು ಒಮ್ಮೆ ತೆರೆದು ನೋಡಬೇಕೆಂದು ನನ್ನ ವಿನಂತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು. ಆಯೋಗಕ್ಕೆ ದೂರು ಸಲ್ಲಿಸಲು ಇರುವ ಅವಧಿ, ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ.