ಕೌದಿಗೆ ಎಷ್ಟು ದಾರ ಬೇಕು?

“ಎಷ್ಟ್ ದಾರ ಬೇಕಾಕತಿ, ಅಕ್ಕಾ?” ಕೌದಿ ಸಾಮಾನು ಮಾರುವ ಅಂಗಡಿಯಲ್ಲಿ ಕೂತವರ ಕಿವಿಗೆ ದಿನಕ್ಕೊಮ್ಮೆಯಾದರೂ ಬೀಳುವ ಮಾತು ಇದು. ಇದಕ್ಕೆ ಸರಿಯಾದ ಉತ್ತರ ಕೊಡಲು ಬಂದರೆ ಅಂಗಡಿ ಅರ್ಧ ನಡೆದ ಹಾಗೆ. ಬಾರದಿದ್ದರೆ ಬಂದವರು ಒಂದೇ ಒಂದು ಉಂಡೆ ಒಯ್ಯುತ್ತಾರೆ, ಅದು ನಡುವೆ ಮುಗಿಯುತ್ತದೆ, ಮತ್ತೆ ಬರುವ ಹೊತ್ತಿಗೆ ಅದೇ ಬಣ್ಣ ಇರುವುದಿಲ್ಲ. ಅರ್ಧ ಹೊಲಿದ ಕೌದಿ ಅಟ್ಟ ಸೇರುತ್ತದೆ.

ಆದ್ದರಿಂದ ಮೊದಲು ಲೆಕ್ಕ. ದೊಡ್ಡವರು ಹೊದೆಯುವ ಕೌದಿ ಏಳು ಅಡಿ ಉದ್ದ, ಐದು ಅಡಿ ಅಗಲ ಎಂದಿಟ್ಟುಕೊಳ್ಳಿ. ಇಂಚಿನಲ್ಲಿ 84 ಮತ್ತು 60. ಗುಣಿಸಿದರೆ 5,040 ಚದರ ಇಂಚು. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಗಲ, ಅಂದರೆ ಮುಕ್ಕಾಲು ಇಂಚು ಬಿಟ್ಟರೆ, 5,040ನ್ನು ಮುಕ್ಕಾಲರಿಂದ ಭಾಗಿಸಬೇಕು. 6,720 ಇಂಚು, ಅಂದರೆ 560 ಅಡಿ ಹೊಲಿಗೆ. ಸಾಲುಗಳು ನೇರ ಉದ್ದಕ್ಕೆ ಹೋಗಲಿ, ಅಂಚಿನಿಂದ ಸುತ್ತುತ್ತಾ ನಡುವಿಗೆ ಬರಲಿ, ಉತ್ತರ ಹೆಚ್ಚುಕಡಿಮೆ ಇಷ್ಟೇ. ಸೂಜಿ ಪದರಗಳ ಒಳಗೆ ಇಳಿದು ಏಳುವಾಗ ತಿನ್ನುವ ದಾರ, ಗಂಟು, ಕೊನೆಯಲ್ಲಿ ಉಳಿಯುವ ತುಂಡು, ಅಂಚಿನ ಹೊಲಿಗೆ ಎಂದು ಕಾಲು ಭಾಗ ಸೇರಿಸಿ. 700 ಅಡಿ, ಸುಮಾರು 215 ಮೀಟರ್. ಎರಡೆಳೆ ಹಾಕಿ ಹೊಲಿಯುವವರಿಗೆ ಇದರ ಎರಡರಷ್ಟು. ಸಾಲುಗಳ ಅಂತರ ಅರ್ಧ ಇಂಚಿಗೆ ಇಳಿದರೆ ಒಂಟಿ ಎಳೆಗೇ 320 ಮೀಟರ್ ಆಗುತ್ತದೆ. ದಾರದ ಉಂಡೆಯ ಚೀಟಿಯ ಮೇಲೆ ಎಷ್ಟು ಮೀಟರ್ ಎಂದು ಬರೆದಿರುತ್ತದೆ. ಭಾಗಿಸಿ ಉಂಡೆ ಎಷ್ಟೆಂದು ಹೇಳಿ. ಒಂದು ಉಂಡೆ ಹೆಚ್ಚಿಗೆ ಕೊಟ್ಟು, “ಉಳಿದರೆ ಬಿಚ್ಚದೆ ವಾಪಸ್ ತನ್ನಿ” ಎನ್ನಿ. ತರುವುದು ಬಹಳ ಕಡಿಮೆ, ಆದರೆ ಆ ಮಾತಿನಿಂದ ಬರುವ ನಂಬಿಕೆ ದೊಡ್ಡದು.

ಬಟ್ಟೆಯ ಲೆಕ್ಕವೂ ಹೀಗೆಯೇ. ಐದೂವರೆ ಮೀಟರಿನ, 45 ಇಂಚು ಪನ್ನದ ಸೀರೆಯಲ್ಲಿ ಸುಮಾರು 68 ಚದರ ಅಡಿ ಬಟ್ಟೆ ಇದೆ. ಮೂರು ಪದರದ ಕೌದಿಗೆ 105 ಚದರ ಅಡಿ ಸಾಕು. ಕಾಗದದ ಮೇಲೆ ಎರಡು ಸೀರೆ ಸಾಕಾಗುತ್ತವೆ. ಆದರೆ ಉಟ್ಟು ಹಳೆಯದಾದ ಸೀರೆಯಲ್ಲಿ ನೆರಿಗೆಯ ಬುಡ ಜಾಲರಿಯಾಗಿರುತ್ತದೆ, ನಡುಭಾಗ ತೆಳುವಾಗಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಸವೆದದ್ದನ್ನು ಕತ್ತರಿಸಿ ತೆಗೆದರೆ ಮೂರು ಸೀರೆ ಬೇಕೇ ಬೇಕು.

ನಮ್ಮ ಗೋವಿನಕೋವಿಯಂಥ ಸಣ್ಣ ಊರಲ್ಲಿ ಇಂಥ ಅಂಗಡಿ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಕೌದಿಯ ಸಾಮಾನು ಒಂದರಿಂದಲೇ ನಡೆಯುವುದಿಲ್ಲ, ಅದನ್ನು ಬಚ್ಚಿಡುವುದಿಲ್ಲ. ಕೌದಿಯ ಬಟ್ಟೆ ಗಿರಾಕಿಯ ಮನೆಯಲ್ಲೇ ಇರುತ್ತದೆ. ನಾವು ಮಾರುವುದು ದಾರ, ಸೂಜಿ, ಅಡಿಯಲ್ಲಿ ಹಾಕುವ ಬಟ್ಟೆ, ಅಂಚಿನ ಪಟ್ಟಿ. ಹೀಗಾಗಿ ಅದೇ ಅಂಗಡಿಯಲ್ಲಿ ಟೈಲರುಗಳಿಗೆ ಬೇಕಾದ ಗುಂಡಿ, ಹುಕ್ಕು, ಜಿಪ್ಪು, ಫಾಲು, ಎಲಾಸ್ಟಿಕ್, ಬಾಬಿನ್, ಮಷೀನಿನ ಎಣ್ಣೆ ಇಡಬೇಕು. ಬಾಡಿಗೆ ಕಟ್ಟುವುದು ಅವೇ. ಟೈಲರುಗಳ ಸ್ನೇಹದಿಂದ ಇನ್ನೊಂದು ಲಾಭವಿದೆ: ಕತ್ತರಿಸಿ ಉಳಿದ ಚಿಂದಿ. ರವಿಕೆ, ಲಂಗ, ಅಂಗಿಯ ತುಂಡುಗಳನ್ನು ಕೆ.ಜಿ. ಲೆಕ್ಕದಲ್ಲಿ ಕೊಂಡು, ಹತ್ತಿಯದನ್ನು ಬೇರೆ, ಪಾಲಿಯೆಸ್ಟರನ್ನು ಬೇರೆ ಮಾಡಿ, ಬಣ್ಣಕ್ಕೆ ತಕ್ಕಂತೆ ಕಟ್ಟು ಕಟ್ಟಿಟ್ಟರೆ ಕೌದಿಯ ಮೇಲ್ಪದರಕ್ಕೆ ಅದಕ್ಕಿಂತ ಚೆಂದದ ಸರಕಿಲ್ಲ.

ಈ ಬೇರೆ ಮಾಡುವ ಕೆಲಸವೇ ಈಗ ಅಂಗಡಿಯ ಮುಖ್ಯ ಕೆಲಸ. ಹಿಂದಿನ ಮನೆಗಳಲ್ಲಿ ಹತ್ತಿಯ ಸೀರೆ, ಪಂಚೆ ಹೇರಳವಾಗಿದ್ದವು. ಇಂದು ಅಟ್ಟದಿಂದ ಇಳಿಯುವ ಗಂಟಿನಲ್ಲಿ ಬಹುಪಾಲು ಸಿಂಥೆಟಿಕ್ ಸೀರೆ. ಅದು ಹರಿಯುವುದಿಲ್ಲ, ಹೊಳೆಯುತ್ತದೆ, ಬೇಗ ಒಣಗುತ್ತದೆ ಎಂದು ಕೌದಿಗೆ ಹಾಕುತ್ತಾರೆ. ಆದರೆ ಪದರಗಳು ಒಂದರ ಮೇಲೊಂದು ಜಾರುತ್ತವೆ, ಬೆವರು ಹೀರುವುದಿಲ್ಲ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಮಗುವಿನ ಕೌದಿಗೆ ಎಂದು ಯಾರಾದರೂ ಅಂಥ ಸೀರೆ ತಂದರೆ ಬೇಡವೆಂದು ನೇರವಾಗಿ ಹೇಳಬೇಕು. ಗುರುತಿಸುವುದು ಸುಲಭ. ಅಂಚಿನಿಂದ ಎರಡು ಎಳೆ ಬಿಚ್ಚಿ, ಚಿಮಟದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ದಾರ, ಸೂಜಿಯ ನಂಬರು ಹೊಸಬರನ್ನು ಗೊಂದಲಕ್ಕೆ ಹಾಕುತ್ತದೆ. ಹತ್ತಿ ದಾರದಲ್ಲಿ ನಂಬರು ದೊಡ್ಡದಾದಷ್ಟು ದಾರ ತೆಳು. ಕೈಸೂಜಿಯಲ್ಲೂ ಹಾಗೆಯೇ, ದೊಡ್ಡ ನಂಬರು ಎಂದರೆ ಸಣ್ಣ ಸೂಜಿ. ಮಷೀನಿನ ಸೂಜಿಯಲ್ಲಿ ಮಾತ್ರ ಉಲ್ಟಾ, 18 ನಂಬರು 14ಕ್ಕಿಂತ ದಪ್ಪ. ಕೌದಿಗೆ ದಪ್ಪ ಹತ್ತಿ ದಾರ, ಅದು ಸಲೀಸಾಗಿ ಹಾಯುವ ಕಣ್ಣಿನ ಉದ್ದ ಸೂಜಿ ಬೇಕು. ಚೀಲ ಹೊಲಿಯುವ ದಬ್ಬಣ ಬೇಡ, ತೂತು ದೊಡ್ಡದಾಗಿ ಹಳೆಯ ಬಟ್ಟೆ ಅಲ್ಲಿಂದಲೇ ಹಿಂಜುತ್ತದೆ. ನೈಲಾನ್ ದಾರ ಗಟ್ಟಿ ಎಂದು ಕೇಳುವವರಿಗೂ ನನ್ನ ಉತ್ತರ ಒಂದೇ. ದಾರ ಬಟ್ಟೆಗಿಂತ ಬಲವಾದರೆ ಎಳೆದಾಗ ಹರಿಯುವುದು ಬಟ್ಟೆ. ದಾರ ಕಿತ್ತರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ತೇಪೆಯೇ ಗತಿ.

ಅಂಗುಸ್ತಾನವನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ಇಡಿ. ಮೂರು ಪದರದಲ್ಲಿ ಸೂಜಿ ದೂಡಿ ದೂಡಿ ಬೆರಳ ತುದಿ ಒಡೆದವರು ಕೌದಿ ಬಿಟ್ಟುಬಿಡುತ್ತಾರೆ, ಗಿರಾಕಿ ಕೈತಪ್ಪುತ್ತದೆ.

ಒಂದು ತಪ್ಪು ನನ್ನಿಂದಲೂ ಆಗಿದೆ. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ವ್ಯಾಪಾರಿಯಿಂದ ಕೆಂಪು ಬಟ್ಟೆಯ ಥಾನು ಅಗ್ಗಕ್ಕೆ ತಂದೆ. ಬಣ್ಣ ಗಟ್ಟಿ ಎಂದ, ನಂಬಿದೆ. ಪಕ್ಕದ ಬೀದಿಯ ಅಜ್ಜಿಯೊಬ್ಬರು ತೀರಿಹೋದ ಯಜಮಾನರ ಬಿಳಿ ಪಂಚೆಗಳನ್ನು ಕೂಡಿಸಿ ಕೌದಿ ಮಾಡುತ್ತಿದ್ದರು. ಅದರ ಅಂಚಿಗೆ ಆ ಕೆಂಪನ್ನೇ ಕೊಟ್ಟೆ. ಮೊದಲ ಒಗೆತಕ್ಕೆ ಪಂಚೆಗಳೆಲ್ಲ ರಂಗಾದವು. ಅಜ್ಜಿ ಬೈಯಲಿಲ್ಲ. “ಹೋಗ್ಲಿ ಬಿಡವ್ವ” ಅಂದರು, ಅದೇ ಹೆಚ್ಚು ಚುಚ್ಚಿತು. ಅಂದಿನಿಂದ ಪ್ರತಿ ಥಾನಿನ ಒಂದು ಗೇಣು ತುಂಡನ್ನು ಬಿಳಿ ಬಟ್ಟೆಯ ಜೊತೆ ಬಿಸಿ ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಿಳಿ ಬಿಳಿಯಾಗಿಯೇ ಉಳಿದರೆ ಮಾತ್ರ ಅಳೆದು ಕೊಡುತ್ತೇನೆ. ಕೋರಾ ಬಟ್ಟೆಯನ್ನೂ ನೆನೆಸಿ ಒಣಗಿಸಿಯೇ ಹೊಲಿಯಿರಿ ಎಂದು ಹೇಳಿ ಕೊಡಬೇಕು. ಗಂಜಿ ಹೋಗಿ ಸೂಜಿ ಹಗುರಾಗಿ ಇಳಿಯುತ್ತದೆ, ಕುಗ್ಗುವುದಿದ್ದರೆ ಮೊದಲೇ ಕುಗ್ಗಿರುತ್ತದೆ. ಹೊಲಿದ ಮೇಲೆ ಅಡಿಬಟ್ಟೆ ಕುಗ್ಗಿದರೆ ಮೇಲ್ಪದರ ಉಬ್ಬಿ ಗುಳ್ಳೆಯೇಳುತ್ತದೆ.

ಸರಕು ತರುವ ಕಾಲವನ್ನು ಹೊಲ ಹೇಳುತ್ತದೆ. ಚನ್ನಗಿರಿ, ಹೊನ್ನಾಳಿಯ ತೋಟಗಳಲ್ಲಿ ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಹೆಂಗಸರ ಕೈಗೆ ಪುರಸೊತ್ತೇ ಇಲ್ಲ. ಆಗ ಅಂಗಡಿಯಲ್ಲಿ ಬೋಣಿಗೆಯಾದರೆ ಪುಣ್ಯ. ಮಳೆಯನ್ನೇ ನೆಚ್ಚಿದ ಜಗಳೂರಿನ ಕಡೆ ಸುಗ್ಗಿ ಮುಗಿದರೆ ಬೇಸಿಗೆಯ ಮಧ್ಯಾಹ್ನಗಳು ಕೌದಿಯವು. ಆದ್ದರಿಂದ ಸಂಕ್ರಾಂತಿ ಕಳೆದ ಮೇಲೆ ದಾರ ತುಂಬಿಸಿಕೊಳ್ಳಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆ ಒಂದು ಕಡೆ, ಶಿವಮೊಗ್ಗ ಇನ್ನೊಂದು ಕಡೆ. ಎರಡೂ ಪೇಟೆಯ ದರ ಕೇಳದೆ ದೊಡ್ಡ ಗಂಟು ಕಟ್ಟಿಸಬೇಡಿ.

ಫೆಬ್ರುವರಿಯಲ್ಲಿ ಇನ್ನೊಂದು ಬಗೆಯ ಬೇಡಿಕೆ ಇರುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. ಅಲ್ಲಿ ಜಯಂತಿಗೆ ಕರ್ನಾಟಕದಿಂದಷ್ಟೇ ಅಲ್ಲ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಲಂಬಾಣಿ ಜನ ಬರುತ್ತಾರೆ. ಕನ್ನಡಿ ಬಿಲ್ಲೆ, ಕವಡೆ, ಗಾಢ ಬಣ್ಣದ ಕಸೂತಿ ದಾರ ಇರುವ ಅಂಗಡಿಗೆ ತಾಂಡಾದ ಹೆಂಗಸರು ಬಂದೇ ಬರುತ್ತಾರೆ. ಅವರಿಂದ ಕಲಿಯುವುದು ಬಹಳವಿದೆ. 2010ರಲ್ಲಿ ಭೌಗೋಳಿಕ ಗುರುತು ಪಡೆದ ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಸುತ್ತಾರೆ: ಕಿಲನ್, ವೇಲೆ, ಮಕಿ, ರೇಲೋ, ನಕ್ರಾ ಹೀಗೆ. ಆ ಪಟ್ಟಿಯಲ್ಲಿ ಒಂದು ಹೊಲಿಗೆಯ ಹೆಸರು ‘ಕೌದಿ’ ಎಂದೇ ಇದೆ. ನಾವು ಹೊದೆಯುವ ವಸ್ತುವಿಗೆ ಇಟ್ಟ ಹೆಸರನ್ನು ಅವರು ಹೊಲಿಗೆಗೆ ಇಟ್ಟಿದ್ದಾರೆ ಎಂದು ತಿಳಿದಾಗ ನನಗೆ ಹತ್ತಿರದ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ಧಿ ಸಮುದಾಯದ ಹೆಂಗಸರು ಕೌದಿಯನ್ನೇ ಕವಂದ್ ಎನ್ನುತ್ತಾರೆ. ಅವರು ಅಂಚಿನ ಮೂಲೆಯಿಂದ ಹಿಡಿದು, ತುಂಡುಗಳನ್ನು ಸೇರಿಸುತ್ತಾ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಸಿದ ಬಟ್ಟೆಯ ‘ಫುಲ’ ಇಡುತ್ತಾರೆ. ಅದಿಲ್ಲದ ಕವಂದ್ ಅವರ ಕಣ್ಣಿಗೆ ಬರಿಮೈ. 2004ರಲ್ಲಿ ಅಮೆರಿಕದ ಕಲಾ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ಧಿ ಮಹಿಳೆಯರ ಸಹಕಾರ ಸಂಘ ಆಯಿತು, 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಅವರ ಕವಂದ್‌ಗಳು ತೂಗಿದವು. ಇದನ್ನು ನಮ್ಮ ಹೆಂಗಸರಿಗೆ ಹೇಳುವುದು ಬೆಲೆಯ ಮಾತು ಬಂದಾಗ.

ಬೆಲೆಯ ವಿಷಯದಲ್ಲಿ ನಮ್ಮವರು ತೀರಾ ಸೋಲುತ್ತಾರೆ. ಹೊಲಿಸಿಕೊಳ್ಳುವವರು ಹಳೆ ಬಟ್ಟೆ ತಂದು, “ಬಟ್ಟೆ ನಮ್ಮದೇ ಅಲ್ವಾ, ಐನೂರು ತಗೊಳ್ಳಿ” ಎನ್ನುತ್ತಾರೆ. ಲೆಕ್ಕ ಹಾಕೋಣ. ಒಂದು ಅಡಿ ಹೊಲಿಯಲು ಎರಡು ನಿಮಿಷ ಹಿಡಿದರೂ 560 ಅಡಿಗೆ 1,120 ನಿಮಿಷ, ಹದಿನೆಂಟು ಗಂಟೆಯ ಮೇಲೆ ನಲವತ್ತು ನಿಮಿಷ. ಕತ್ತರಿಸಿ ಜೋಡಿಸಿ, ನೆಲಕ್ಕೆ ಹಾಸಿ, ಕಚ್ಚಾ ಹೊಲಿಗೆ ಹಾಕಿ, ಅಂಚು ಕಟ್ಟಲು ಇನ್ನು ಐದಾರು ಗಂಟೆ. ಎಂಟು ಗಂಟೆಯ ಮೂರು ದಿನ ಆಯಿತು. 2025–26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಮಣ್ಣು ಹೊತ್ತವರಿಗೆ ಮೂರು ದಿನಕ್ಕೆ 1,110 ಬರುತ್ತಿತ್ತು ಎಂದಮೇಲೆ, ಅಷ್ಟು ಕಸುಬು ಕೈಯಲ್ಲಿಟ್ಟುಕೊಂಡವರು ಐನೂರಕ್ಕೆ ಏಕೆ ಹೊಲಿಯಬೇಕು? ದಾರ, ಅಡಿಬಟ್ಟೆ ಬೇರೆ. ಅಂಗಡಿಯವರು ಈ ಲೆಕ್ಕವನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ಹಾಕಿದರೆ ಹೊಲಿಯುವವರು ಬಾಯಿಬಿಟ್ಟು ಕೇಳುವ ಸಂಕೋಚ ತಪ್ಪುತ್ತದೆ. ಕೆಲಸ ಕೊಡಿಸಿದ್ದಕ್ಕೆ ಅಂಗಡಿಗೆ ಎಷ್ಟು ಎಂಬುದನ್ನೂ ಅದೇ ರಟ್ಟಿನಲ್ಲಿ ಬರೆಯಿರಿ.

ಕಾಗದಪತ್ರ ಹೆಚ್ಚಿಲ್ಲ. ಗ್ರಾಮ ಪಂಚಾಯಿತಿಯ ಪರವಾನಗಿ, ಆಧಾರ್ ಆಧಾರದ ಮೇಲೆ ಪುಕ್ಕಟೆಯಾಗಿ ಆಗುವ ಉದ್ಯಮ್ ನೋಂದಣಿ ಸಾಕು. ಊರಲ್ಲೇ ಸರಕು ಮಾರುವ ಅಂಗಡಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಕೈಕಸುಬಾಗಿ ಹೊಲಿಗೆ ಮಾಡುವವರು 2023ರಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿ ಕಸುಬಿನಡಿ ಅರ್ಜಿ ಹಾಕಬಹುದು. ತರಬೇತಿಯ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ, ಸಲಕರಣೆಗೆ 15,000, ಶೇಕಡಾ 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ.

ಇಷ್ಟೆಲ್ಲ ಇದ್ದೂ, ಊರಲ್ಲಿ ಹೊಲಿಯುವ ಕೈಗಳು ಕಡಿಮೆಯಾದರೆ ದಾರ ಯಾರಿಗೆ ಮಾರುವುದು? ಕಲಿಸುವುದು ಅಂಗಡಿಯ ಕೆಲಸವೇ ಎಂದು ನಾನು ಹೇಳುವುದು ಇದಕ್ಕೆ. ಮೊದಲ ದಿನವೇ ಏಳಡಿ ಕೌದಿ ಹಾಸಿ ಕೂರಿಸಿದರೆ ಹುಡುಗಿಯರು ಎರಡನೇ ದಿನ ಬರುವುದಿಲ್ಲ. ತೊಟ್ಟಿಲ ಕೌದಿಯಿಂದ ಶುರು ಮಾಡಿಸಿ. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಅದೇ ಲೆಕ್ಕದಲ್ಲಿ 120 ಅಡಿ ಹೊಲಿಗೆ, ಹೊಸ ಕೈಗೂ ನಾಲ್ಕೈದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಯಾರ ಮನೆಯಲ್ಲಾದರೂ ಹೆರಿಗೆ ಇದ್ದೇ ಇರುತ್ತದೆ, ಹೊಲಿದದ್ದು ಕೂಡಲೇ ಬಳಕೆಗೆ ಬೀಳುತ್ತದೆ. ಪದರಗಳನ್ನು ಹಾಸುವಾಗ ನಾಲ್ಕು ಮೂಲೆಗೆ ಭಾರವಿಟ್ಟು, ನಡುವಿನಿಂದ ಅಂಚಿನ ಕಡೆ ಅಂಗೈಯಿಂದ ಸವರಬೇಕು. ಗೇಣಿಗೊಂದರಂತೆ ಉದ್ದ ಕಚ್ಚಾ ಹೊಲಿಗೆ ಹಾಕದೆ ಸಣ್ಣ ಹೊಲಿಗೆಗೆ ಕೈ ಹಚ್ಚಬಾರದು. ಸಾಲು ನೆಟ್ಟಗಿಲ್ಲ ಎಂದು ಬಿಚ್ಚಿಸಬೇಡಿ. ಪದರ ಮೂರೂ ಹಿಡಿದಿದೆಯೇ ಎಂದು ಮಾತ್ರ ಮಗುಚಿ ನೋಡಿ.

ಕಲಿಸಲು ನಾನು ಕೂರುವುದಿಲ್ಲ, ಊರಿನ ಹಿರಿಯರನ್ನು ಕೂರಿಸುತ್ತೇನೆ. ಅಂಗಡಿಯ ಮುಂದಿನ ಜಗುಲಿ, ಒಂದು ಚಾಪೆ, ಗಂಟೆ ಮೂರಕ್ಕೆ ಚಹಾ. ಅವರ ಆ ಹೊತ್ತಿಗೂ ಹಣ ಕೊಡಬೇಕು, ಕೊಡುತ್ತೇನೆ. ಪಂಚೆ ರಂಗಾದ ಅಜ್ಜಿಯೇ ಮೊದಲು ಬಂದವರು. ನಾನು ಲೆಕ್ಕ ಬರೆದ ರಟ್ಟು ನೋಡಿ, “ಬರ್ದಿದ್ದು ನಮಗೆ ಓದಾಕ ಬರಲ್ಲವ್ವ, ಹೊಲ್ದು ತೋರ್ಸು” ಅಂದರು. ತಾವೇ ಕೂತು ಒಂದು ಮೊಳದ ತುಂಡಿನ ಮೇಲೆ ಒಂದು ಬೆರಳು, ಮುಕ್ಕಾಲು ಬೆರಳು, ಅರ್ಧ ಬೆರಳು ಎಂದು ಮೂರು ಪಟ್ಟಿ ಹೊಲಿದರು. ಒಂದೊಂದು ಪಟ್ಟಿಯ ಅಂಚಿಗೂ, ಅಷ್ಟು ಒತ್ತಾಗಿ ಹೊಲಿದರೆ ದೊಡ್ಡ ಕೌದಿಗೆ ಎಷ್ಟು ಉಂಡೆ ಬೇಕೋ ಅಷ್ಟು ಗುಂಡಿ ಕಚ್ಚಿಸಿದರು. ಆ ತುಂಡು ಈಗ ಬಾಗಿಲ ಬಳಿ ತೂಗುತ್ತಿದೆ. ಎಷ್ಟು ದಾರ ಬೇಕೆಂದು ಕೇಳುವವರು ಅದನ್ನು ಕೈಯಲ್ಲಿ ಹಿಡಿದು ನೋಡಿ, ತಮಗೆ ಹಿಡಿಸಿದ ಪಟ್ಟಿಯ ಗುಂಡಿ ಎಣಿಸಿಕೊಳ್ಳುತ್ತಾರೆ.