ಕಣ್ಣಿಗೆ ಕಾಣದ ಅಣುಗಳ ಹಾಜರಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಆ ಕಾಯಿಲೆಯ ವೈರಸನ್ನು ಗುರುತಿಸಿದ್ದು ನಮ್ಮ ಈ ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಆರಂಭವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮೊನ್ನೆ ವಾಚನಾಲಯದಲ್ಲಿ ಸಾಗರದ ಕಡೆಯ ಸದಸ್ಯರೊಬ್ಬರು ಕೇಳಿದರು: “ರಾಯರೆ, ರಕ್ತದಲ್ಲಿ ವೈರಸ್ ಇದೆ ಅಂತಾರೆ, ಸರಿ. ಎಷ್ಟಿದೆ ಅಂತ ಹೇಗೆ ಎಣಿಸ್ತಾರೆ?” ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ವೈರಸಿನ ವಂಶದ್ರವ್ಯವನ್ನು ಡಿ.ಎನ್.ಎ. ರೂಪಕ್ಕೆ ತಂದು, ಕಾಯಿಸಿ ತಣಿಸಿ ಅದರ ಪ್ರತಿಗಳನ್ನು ತೆಗೆಯುವುದಕ್ಕೆ ಪಿ.ಸಿ.ಆರ್. ಎಂದು ಹೆಸರು. ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಹಿಡಿದ ವಿಧಾನವಿದು. ಪ್ರತಿ ಸುತ್ತಿಗೂ ಒಂದು ಎರಡಾಗುತ್ತದೆ; 30 ಸುತ್ತಿನಲ್ಲಿ ಒಂದು ಅಣು ಸುಮಾರು 107 ಕೋಟಿಯಾಗುತ್ತದೆ. ಪ್ರತಿಗಳು ಹೆಚ್ಚಿದಂತೆ, ಕೂಡಿಸಿದ ಬಣ್ಣ ಹೊಳೆಯುತ್ತದೆ. ಬೇಗ ಹೊಳೆದರೆ ಮೊದಲೇ ಹೆಚ್ಚು ಅಣುಗಳಿದ್ದವು, ತಡವಾದರೆ ಕಡಿಮೆ ಇದ್ದವು ಎಂದು ಅಂದಾಜು. ಪಾಳಿಯಲ್ಲಿ ಇಳಿದ ಬಟ್ಟೆಯನ್ನು ಕಂಡು ಕೆಲಸಕ್ಕೆ ಎಷ್ಟು ಜನ ಬಂದಿದ್ದರೆಂದು ಊಹಿಸಿದ ಹಾಗೆ! ಅದನ್ನು ನಂಬಿ ಪಗಾರ ಬರೆಯಲಾದೀತೆ? ಹಾಜರಿ ಪುಸ್ತಕ ಬೇಕು.

ಆ ಹಾಜರಿಯೇ ಡಿಜಿಟಲ್ ಪಿ.ಸಿ.ಆರ್. 1999ರಲ್ಲಿ ಅಮೆರಿಕದ ವೊಗೆಲ್‌ಸ್ಟೈನ್ ಮತ್ತು ಕಿನ್ಜ್ಲರ್ ಎಂಬ ವಿಜ್ಞಾನಿಗಳು ಇಟ್ಟ ಹೆಸರಿದು. 2011ರ ಹೊತ್ತಿಗೆ ಒಂದು ಮಾದರಿಯನ್ನು ಎಣ್ಣೆಯಲ್ಲಿ ಸುಮಾರು 20,000 ಸೂಕ್ಷ್ಮ ಹನಿಗಳಾಗಿ ಒಡೆಯುವ ಯಂತ್ರ ಬಂತು. ಹನಿ ಹನಿಯಲ್ಲೂ ಪ್ರತಿ ತೆಗೆದ ಮೇಲೆ ಕೇಳುವ ಪ್ರಶ್ನೆ ಒಂದೇ: ಹೊಳೆಯಿತೋ, ಇಲ್ಲವೋ?

10,000 ಹನಿಗಳು ಹೊಳೆದವೆನ್ನಿ. ಅಣುಗಳೂ 10,000 ಎಂದರೆ ಲೆಕ್ಕ ತಪ್ಪಿತು. ಒಂದೇ ಹನಿಯಲ್ಲಿ ಎರಡು ಮೂರು ಅಣುಗಳು ಕೂತಿರಬಹುದು. ಇಲ್ಲಿ ದಾರಿ ತೋರುವುದು ಖಾಲಿ ಹನಿಗಳೇ. ಅಣುಗಳು ಎಲ್ಲೆಂದರಲ್ಲಿ ಬಿದ್ದಾಗ ಅರ್ಧದಷ್ಟು ಹನಿಗಳು ಖಾಲಿ ಉಳಿಯಬೇಕಾದರೆ, ಗಣಿತದ ಪ್ರಕಾರ ಸುಮಾರು 6,930 ಹನಿಗಳಲ್ಲಿ ಒಂದೊಂದು, 2,400ರಲ್ಲಿ ಎರಡೆರಡು, 670ರಲ್ಲಿ ಮೂರು ಅಥವಾ ಹೆಚ್ಚು ಅಣುಗಳಿರುತ್ತವೆ. ಒಟ್ಟು ಸುಮಾರು 13,860. ಗೈರುಹಾಜರಿಯನ್ನು ಎಣಿಸಿ ಹಾಜರಿಯನ್ನು ತಿಳಿಯುವ ಉಪಾಯವಿದು.

ಚಿಕಿತ್ಸೆಯ ನಂತರವೂ ರಕ್ತದಲ್ಲಿ ಉಳಿದ ಕ್ಯಾನ್ಸರಿನ ಅತ್ಯಲ್ಪ ಡಿ.ಎನ್.ಎ.ಯನ್ನು ಹುಡುಕಲು ಇದು ಉಪಯುಕ್ತ. ಆದರೆ ಯಂತ್ರ ದುಬಾರಿ. ಮಂಗನ ಕಾಯಿಲೆಗೆ ವಾಡಿಕೆಯಲ್ಲಿರುವುದು ಸಾಮಾನ್ಯ ಪಿ.ಸಿ.ಆರ್. ಪರೀಕ್ಷೆಯೇ.

ಯಂತ್ರ ಯಾವುದಾದರೇನು, ಸೂಜಿಯೊಳಗೆ ಬಾರದ ಅಣುವನ್ನು ಅದು ಎಣಿಸಲಾರದು. ಈ ವೈರಸ್ ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಆದ್ದರಿಂದ ಮಲೆನಾಡಿನ ಬಂಧುಗಳು ಊರಿಗೆ ಕಾಗದ ಬರೆಯುವಾಗ ಒಂದು ಸಾಲು ಸೇರಿಸಲಿ: ಕಾಡಿಗೆ ಹೋಗಿ ಬಂದವರಿಗೆ ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.